ಓದದೆ ಬಿಟ್ಟ ಒಂದೂವರೆ ಪುಟ

ಗೋಪನಕೊಪ್ಪ, ಹುಬ್ಬಳ್ಳಿ
6 ಏಪ್ರಿಲ್ 1997

ಚಿ. ಸೌ. ಗೀತಾಂಜಲಿಗೆ,

ಗೋಪನಕೊಪ್ಪದಿಂದ ಚನ್ನಬಸವ್ವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಮಾತಾಡುವಾಗ ನನ್ನ ಬಾಯಿ ಹೇಗೇ ಇದ್ದರೂ ಪೆನ್ನು ಹಿಡಿದರೆ ಏಳನೇ ಇಯತ್ತೆಯ ಮಾಸ್ತರರು ಕಲಿಸಿದ ಭಾಷೆಯೇ ಬರುತ್ತದೆ, ನಗಬೇಡ.

ನಿನ್ನ ಲಗ್ನವಾಗಿ ಎರಡು ತಿಂಗಳಾಯಿತು. ಬಸ್ಸು ಹತ್ತುವಾಗ ನಾನು ಹಾಕಿದ ಕರಾರು ನೆನಪಿದೆಯಲ್ಲ? 'ನೀ ಈಗ ಜಮಖಂಡಿಯವರ ಸೊಸಿ. ಈ ಮನಿ ಕಡೆ ಹೊಳ್ಳಿ ಬರಬ್ಯಾಡ. ಪತ್ರ ಬರಿ, ಆದ್ರ ಸೂಜಿ-ದಾರ, ಗಿಡ-ಬಳ್ಳಿ, ಕಥಿ, ಈ ಮೂರು ಬಿಟ್ಟು ನಾಕನೇದ್ದು ಬರೀಬ್ಯಾಡ' ಎಂದಿದ್ದೆ. ನನ್ನ ಮಗ ಗುರುಶಿದ್ದಪ್ಪ ತೀರಿಕೊಂಡ ಮೇಲೆ ಮೂರು ವರ್ಷ ನೀನು ನನ್ನ ಸೊಸೆಯಾಗಿಯೇ ಇದ್ದೆ. ನಾನೇ ಹಟ ಹಿಡಿದು ನಿನಗೆ ಎರಡನೇ ಲಗ್ನ ಮಾಡಿಸಿದೆ. ಈಗ ನನ್ನ ಪತ್ರವನ್ನು ಆ ಮನೆಯಲ್ಲಿ ಯಾರು ಬಿಚ್ಚಿ ಓದಿದರೂ ಅವರ ಮನಸ್ಸು ಸಣ್ಣದಾಗಬಾರದು. ಅಯ್ಯೋ, ಇಷ್ಟು ಬರೆದದ್ದೇ ಕರಾರು ಮುರಿದ ಹಾಗಾಯಿತು. ಇಲ್ಲಿಂದ ಮುಂದೆ ಸರಿಯಾಗಿ ಬರೆಯುತ್ತೇನೆ.

ಸೂಜಿ-ದಾರ: ಬಾಜು ಮನೆಯ ರಾಜಬಿ ಮತ್ತು ನಾನು ಈ ಬೇಸಿಗೆಯ ಕೌದಿ ಶುರು ಮಾಡಿದ್ದೇವೆ. ನನ್ನ ಎರಡು ಹಳೆಯ ಇಳಕಲ್ ಸೀರೆ, ಇಲ್ಲಿಯ ನಿನ್ನ ಮಾವನ ಧೋತರ, ಅವಳ ಮನೆಯ ಹಸಿರು ಪರದೆ ಎಲ್ಲ ಹರಿದು ತುಂಡು ಮಾಡಿ ಹೊದಿಕೆಗೆ ಜೋಡಿಸುತ್ತಿದ್ದೇವೆ. ಕಣ್ಣಿನ ಪೊರೆ ಹೆಚ್ಚಾಗಿದೆ. ಸೂಜಿಗೆ ದಾರ ಪೋಣಿಸುವ ಕೆಲಸ ಅವಳದು, ಅವಳನ್ನು ಬೈಯುವ ಕೆಲಸ ನನ್ನದು.

ಗಿಡ-ಬಳ್ಳಿ: ನೀನು ನೆಟ್ಟ ದುಂಡುಮಲ್ಲಿಗೆ ಹಬ್ಬಲು ಆಸರೆ ಇಲ್ಲದೆ ನೆಲಕ್ಕೆ ಬಿದ್ದಿತ್ತು. ನಿನ್ನ ಮಾವ ಅಟ್ಟದ ಮೇಲಿದ್ದ ಸೈಕಲ್ಲಿನ ಎರಡು ಗಾಲಿ ಇಳಿಸಿ, ಕಟ್ಟಿಗೆಗೆ ತಂತಿಯಿಂದ ಬಿಗಿದು ಚಂದದ ಚಪ್ಪರ ಮಾಡಿದ್ದಾರೆ. ಅದು ಯಾರ ಸೈಕಲ್ಲು ಎಂದು ಬರೆಯುವುದಿಲ್ಲ, ಅದು ಮೂರರಲ್ಲಿ ಬರುವುದಿಲ್ಲ.

ಕಥೆ: ಇಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೀನು ವಾರಪತ್ರಿಕೆ ಓದುತ್ತಿದ್ದೆ, ನಾನು ಹೊಲಿಯುತ್ತಿದ್ದೆ. ಈಗ ಸಣ್ಣ ಅಕ್ಷರ ನನಗೆ ಕಾಣುವುದಿಲ್ಲ, ರಾಜಬಿಗೆ ಕನ್ನಡ ಓದಲು ಬರುವುದಿಲ್ಲ. ನಿನ್ನ ಮಾವನಿಗೆ ಓದಿರಿ ಎಂದರೆ ಅಮರಗೋಳ ಮಾರುಕಟ್ಟೆಯ ಹತ್ತಿ ಧಾರಣಿ ಓದುತ್ತಾರೆ. ಆ ಎರಡು ತಾಸು ಹೋಗುವುದೇ ಕಷ್ಟ.

ಇಂತಿ,
ಚನ್ನಬಸವ್ವ

*

ಜಮಖಂಡಿ
27 ಏಪ್ರಿಲ್ 1997

ಪೂಜ್ಯ . . . . . . ಅವರಿಗೆ,

ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ ಅರ್ಧ ತಾಸು ಕೂತೆ. ಅತ್ತೆ ಎಂದು ಬರೆಯೋಣವೆಂದರೆ ಇಲ್ಲಿ ಅತ್ತೆ ಬೇರೆ ಇದ್ದಾರೆ. ಹೆಸರು ಹಿಡಿದು ಬರೆಯಲು ಕೈ ಏಳುವುದಿಲ್ಲ. ಜಾಗ ಖಾಲಿ ಬಿಟ್ಟಿದ್ದೇನೆ, ಕ್ಷಮಿಸಬೇಕು.

ಸೂಜಿ-ದಾರ: ನಾನು ಉಣ್ಣೆ ಹೆಣೆಯುತ್ತಿದ್ದೇನೆ. ಈರವ್ವ ಅತ್ತೆ ನೋಡಿ ನೋಡಿ ನಿನ್ನೆ ಕೇಳಿಯೇಬಿಟ್ಟರು, 'ಇಂಥಾ ಬಿಸಿಲಾಗ ಉಣ್ಣಿ ಯಾರಿಗೆ ಹೆಣಿತಿಯವ್ವಾ? ಎಮ್ಮಿಗೇನ?' ನಿಮ್ಮ ಮೊಣಕಾಲಿಗೇ ಅತ್ತೀ, ಚಳಿಗಾಲದಲ್ಲಿ ಹಿಡಿಯುತ್ತದಲ್ಲ ಎಂದೆ. ಅವರು ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟರು. ಒಳ್ಳೆಯವರು.

ಗಿಡ-ಬಳ್ಳಿ: ಇವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಲ್ಲವೇ, ರಜೆಯಲ್ಲಿ ಕೈ ಸುಮ್ಮನಿರುವುದಿಲ್ಲ. ತೆಂಗಿನ ಚಿಪ್ಪುಗಳನ್ನು ಉಜ್ಜಿ ನುಣುಪು ಮಾಡಿ, ಬಣ್ಣ ಬಳಿದು, ಮಣ್ಣು ತುಂಬಿ ಪಡಸಾಲೆಯ ತೊಲೆಗೆ ತೂಗುಹಾಕಿದ್ದಾರೆ. ಒಂದರಲ್ಲಿ ಪುದೀನ, ಒಂದರಲ್ಲಿ ಕೊತ್ತಂಬರಿ. ಎತ್ತರದವರು ಯಾರು ಬಂದರೂ ತಲೆ ಬಡಿಯುತ್ತದೆ.

ಕಥೆ: ಈ ಪತ್ರದ ಜೊತೆ ಎರಡು ಕ್ಯಾಸೆಟ್ ಇವೆ. ನನ್ನ ಟ್ರಂಕಿನಲ್ಲಿದ್ದ ಹಳೆಯವು. ಇವರ ಟೇಪ್ ರೆಕಾರ್ಡರಿನಲ್ಲಿ ಅವುಗಳ ಮೇಲೆಯೇ ಓದಿದ್ದೇನೆ. ನಾವು ಅರ್ಧಕ್ಕೆ ಬಿಟ್ಟಿದ್ದೆವಲ್ಲ, ಸಣ್ಣ ಊರಿನ ಸ್ಟೇಷನ್ ಮಾಸ್ತರಬಾಯಿಯ ಧಾರಾವಾಹಿ, ಅದನ್ನು ಮೊದಲಿನಿಂದ ಓದಿದ್ದೇನೆ. ಮಧ್ಯಾಹ್ನ ಎರಡಕ್ಕೆ ಹಚ್ಚಿ. ಕೇಳಿ ಆದ ಮೇಲೆ ತಿರುಗಿ ಕಳಿಸಿದರೆ ಹೊಸ ಕಥೆ ಅದರ ಮೇಲೆಯೇ ಓದಿ ಕಳಿಸುತ್ತೇನೆ. ಒಂದು ಮಾತು. ಎರಡನೇ ಕ್ಯಾಸೆಟ್ಟಿನ ಎರಡನೇ ಮಗ್ಗಲನ್ನು ಕೊನೆಯವರೆಗೆ ಓಡಲು ಬಿಡಿ, ನನ್ನ ದನಿ ನಿಂತಿತೆಂದು ಬಂದ್ ಮಾಡಬೇಡಿ.

ನಿಮ್ಮ,
ಗೀತಾಂಜಲಿ

*

ಗೋಪನಕೊಪ್ಪ
18 ಮೇ 1997

ಚಿ. ಸೌ. ಗೀತಾಂಜಲಿಗೆ ಆಶೀರ್ವಾದಗಳು.

ಕ್ಯಾಸೆಟ್ ಬಂದ ದಿನ ಓಣಿಯಲ್ಲೆಲ್ಲ ಸುದ್ದಿ. ರಾಜಬಿ ತನ್ನ ಮನೆಯ ಕೆಲಸ ಹನ್ನೆರಡಕ್ಕೇ ಮುಗಿಸಿ ಬಂದು ಕೂತಳು. ನಿನ್ನ ಮಾವ ಬಟನ್ ಒತ್ತಿದರು, ನೀನು ಕೆಮ್ಮಿದೆ. ಆ ಕೆಮ್ಮಿಗೇ ನನ್ನ ಕಣ್ಣು ತುಂಬಿದವು, ಕಥೆ ಶುರುವಾಗುವ ಮೊದಲೇ. ಹಿಂದೆ ಎಲ್ಲೋ ಎಮ್ಮೆ ಕೂಗುವುದೂ ಕೇಳುತ್ತದೆ. ಈರವ್ವನವರ ಎಮ್ಮೆ ಇರಬೇಕು, ದನಿ ಛಲೋ ಇದೆ.

ನೀನು ಓದಿದ ಹಾಗೆ ನಾವು ಹೊಲಿದೆವು. ಸ್ಟೇಷನ್ ಮಾಸ್ತರಬಾಯಿ ಮೇಲಧಿಕಾರಿಗೆ ಎದುರು ಮಾತಾಡಿದಾಗ ರಾಜಬಿ 'ಹಾಂಗ ಹೇಳಬೇ ನನ್ನವ್ವಾ!' ಎಂದು ಕೌದಿಗೆ ಗುದ್ದಿದಳು. ಸೂಜಿ ನನ್ನ ಬೆರಳಿಗೆ ಹೋಯಿತು. ನಕ್ಕ ಕಡೆಯೆಲ್ಲ ಹೊಲಿಗೆಯ ಸಾಲು ಸೊಟ್ಟಗಾಗಿದೆ, ಬಿಚ್ಚುವುದಿಲ್ಲ. ಕೌದಿ ನೋಡಿದರೆ ಕಥೆ ಎಲ್ಲಿ ಏನಾಯಿತೆಂದು ಹೇಳಬಹುದು.

ಬಿಟ್ಟುಹೋದವನ ಪತ್ರ ಅವಳ ಕೈಗೆ ಬಂತಲ್ಲ, ಅವಳು ಲಕೋಟೆ ಒಡೆದಳಲ್ಲ, ಸರಿಯಾಗಿ ಅಲ್ಲಿಗೇ ನಿನ್ನ ದನಿ ನಿಂತಿತು. ರಾಜಬಿ ನನ್ನ ಜೀವ ತಿನ್ನುತ್ತಿದ್ದಾಳೆ. 'ಆ ಪತ್ರದಾಗ ಏನೈತಿ ಯಕ್ಕಾ? ಬರ್ತಾನಂತೋ, ಬರಂಗಿಲ್ಲಂತೋ?' ನನಗೇನು ಗೊತ್ತು.

ಒಂದನೇ ಕ್ಯಾಸೆಟ್ ತಿರುಗಿ ಕಳಿಸಿದ್ದೇನೆ. ಎರಡನೆಯದು ಕೆಟ್ಟಿತು. ಯಂತ್ರದೊಳಗೆ ಟೇಪು ಸುತ್ತಿಕೊಂಡು ಹರಿಯಿತು. ಅದರ ದಾರಿ ಕಾಯಬೇಡ.

ಮಲ್ಲಿಗೆ ಮೊದಲ ಗಾಲಿ ದಾಟಿದೆ.

ಇಂತಿ,
ಚನ್ನಬಸವ್ವ

*

ಜಮಖಂಡಿ
9 ಜೂನ್ 1997

ಪೂಜ್ಯ . . . . . . ಅವರಿಗೆ,

ಒಂದನೆಯದು ತಲುಪಿತು. ಎರಡನೆಯದು ಎಲ್ಲಿ ಹರಿಯಿತು? ಮೊದಲಿಗೋ, ನಡುವೆಯೋ, ಕೊನೆಗೋ? ಎರಡನೇ ಮಗ್ಗಲಿನ ತುದಿ ಉಳಿದಿದೆಯೇ? ಬಿಸಾಡಿದ್ದರೆ ತಿಳಿಸಬೇಡಿ. ಬಿಸಾಡಿಲ್ಲದಿದ್ದರೆ ಹರಿದದ್ದನ್ನೇ ಕಳಿಸಿ, ಇವರಿಗೆ ಅಂಟಿಸಲು ಬರುತ್ತದೆ.

ಇಲ್ಲಿ ಇನ್ನೂ ಮಳೆ ಇಲ್ಲ. ಪುದೀನ ಒಣಗಿತು. ಮೊಣಕಾಲಿನ ಪಟ್ಟಿ ಮುಗಿಯಿತು, ಒಂದು ದೊಡ್ಡದು ಒಂದು ಸಣ್ಣದಾಗಿದೆ. ಈರವ್ವ ಅತ್ತೆ ತಮ್ಮ ಮೊಣಕಾಲೂ ಹಾಗೇ ಇವೆ ಎಂದರು.

ನಿಮ್ಮ,
ಗೀತಾಂಜಲಿ

*

ಜಮಖಂಡಿ
22 ಮಾರ್ಚ್ 1998

ಪೂಜ್ಯರಿಗೆ,

ಹತ್ತು ತಿಂಗಳು ನೀವು ಬರೆಯಲಿಲ್ಲ. ನಾನು ಬರೆದ ಮೂರಕ್ಕೂ ಉತ್ತರ ಬರಲಿಲ್ಲ. ಹರಿದ ಕ್ಯಾಸೆಟ್ಟನ್ನು ತಿರುಗಿ ಕೇಳಿದ್ದು ತಪ್ಪಾಯಿತೇನೋ ಎಂದುಕೊಂಡೆ.

ಈ ಸಲ ಕರಾರು ಮುರಿಯುತ್ತೇನೆ, ಬೈಯಿರಿ. ನನಗೆ ಆರು ತಿಂಗಳು ತುಂಬಿವೆ. ಜೂನ್ ಮೊದಲ ವಾರ ಎಂದಿದ್ದಾರೆ ಡಾಕ್ಟರು. ಮೊದಲ ಬಾಣಂತನ ತವರಿನಲ್ಲಾಗಬೇಕು ಎನ್ನುತ್ತಾರೆ ಎಲ್ಲರೂ. ನನ್ನ ಅವ್ವ ನನಗೆ ಎಂಟು ವರ್ಷವಾದಾಗಲೇ ಹೋದಳು. ಸಾಕಿದ ಸೋದರಮಾವನ ಮನೆಯಲ್ಲಿ ಅತ್ತೆಯೇ ಹಾಸಿಗೆ ಹಿಡಿದಿದ್ದಾರೆ. ನಿನ್ನ ತವರು ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣಿಗೆ ಬರುವುದು ನಿಮ್ಮ ಪಡಸಾಲೆ, ಕೌದಿ, ಮಲ್ಲಿಗೆಯ ಹತ್ತಿರ ನೀವು ಹಾಕಿಕೊಳ್ಳುವ ಆ ಮುರುಕು ಮಣೆ.

ಒಂದು ಬೇಸಿಗೆ. ಒಂದೇ ಒಂದು ಬೇಸಿಗೆ ನಾನು ಗೋಪನಕೊಪ್ಪಕ್ಕೆ ಬರಲೇ?

ನಿಮ್ಮ,
ಗೀತಾ

*

ಗೋಪನಕೊಪ್ಪ
4 ಏಪ್ರಿಲ್ 1998

ಚಿ. ಸೌ. ಗೀತಾಂಜಲಿಗೆ ಆಶೀರ್ವಾದಗಳು.

ಸೂಜಿ-ದಾರ: ಸುದ್ದಿ ಓದಿದ ದಿನವೇ ಒಂದು ಸಣ್ಣ ಕೌದಿ ಹಾಕಿದೆ, ಮೊಳಕ್ಕಿಂತ ಸ್ವಲ್ಪ ಉದ್ದ. ಎಲ್ಲ ಮೆತ್ತಗಿನ ಬಟ್ಟೆ, ಒಂದೂ ಗಂಟು ಒಳಗೆ ಬರದ ಹಾಗೆ ಹೊಲಿಯುತ್ತಿದ್ದೇನೆ. ಕೌದಿಯ ಹೊಟ್ಟೆ ಮಾತ್ರ ಹೊಲಿದಿಲ್ಲ. ನಡುವೆ ಗೇಣಗಲ ಬಾಯಿ ಬಿಟ್ಟು, ನಾಲ್ಕು ಕಾಳು ಜೋಳ ಹಾಕಿ ಮುಚ್ಚಬೇಕು. ಕೌದಿಯನ್ನು ಉಪವಾಸ ಇಡಬಾರದು ಎನ್ನುತ್ತಿದ್ದಳು ನಮ್ಮವ್ವ. ಮನೆಯ ಮಗಳು ಹಾಕಬೇಕು ಕಾಳು. ನೀನೇ ಅಲ್ಲಿ ಹಾಕಿಕೊಂಡು ಮುಚ್ಚು.

ಗಿಡ-ಬಳ್ಳಿ: ಮಲ್ಲಿಗೆ ಎರಡನೇ ಗಾಲಿಯನ್ನೂ ಮುಚ್ಚಿದೆ. ಕಂಬಿ ಕಾಣುವುದಿಲ್ಲ.

ಕಥೆ: ಇಲ್ಲ.

ನೀನು ಕೇಳಿದ್ದಕ್ಕೆ: ಬರಬೇಡ. ನೀನು ಪೂರ್ತಿ ಆ ಮನೆಯವಳಾಗಬೇಕು. ಮೊದಲ ಗಂಡನ ಮನೆಯಲ್ಲಿ ಬಾಣಂತನ ಎಂದರೆ ನಾಲ್ಕು ಮಂದಿ ನಾಲ್ಕು ಮಾತಾಡುತ್ತಾರೆ. ಈರವ್ವನವರಿಗೆ ನೋವಾಗುತ್ತದೆ. ಮೆಂತ್ಯ ಲಾಡು ಕಟ್ಟಿ ಕಳಿಸುತ್ತೇನೆ.

ಇಂತಿ,
ಚನ್ನಬಸವ್ವ

*

ಗೋಪನಕೊಪ್ಪ
19 ಏಪ್ರಿಲ್ 1998

ಗೀತಾ,

ನೀನು ಉತ್ತರ ಬರೆಯಲಿಲ್ಲ. ಬರೆಯುವಂಥ ಪತ್ರವನ್ನು ನಾನು ಬರೆದಿರಲಿಲ್ಲ, ಅದು ನನಗೂ ಗೊತ್ತು. ನಾಲ್ಕು ಮಂದಿಯ ಹೆಸರು ಹೇಳಿ ಸುಳ್ಳು ಬರೆದೆ. ಕ್ಯಾಸೆಟ್ಟಿನದೂ ಸುಳ್ಳು.

ಅದು ಹರಿದಿಲ್ಲ. ನನ್ನ ಟ್ರಂಕಿನಲ್ಲಿ, ಲಗ್ನದ ಸೀರೆಯ ಮಡಿಕೆಯಲ್ಲಿದೆ. ಹೋದ ವರ್ಷ ನೀನು ಹೇಳಿದ ಹಾಗೆ ಬಂದ್ ಮಾಡದೆ ಬಿಟ್ಟೆ. ರಾಜಬಿ ಸ್ವಲ್ಪ ಮೊದಲೇ ಮನೆಗೆ ಹೋಗಿದ್ದಳು (ಕಥೆ ಎಲ್ಲಿ ನಿಂತಿತೆಂದು ಆಮೇಲೆ ನಾನೇ ಅವಳಿಗೆ ಹೇಳಿದೆ), ನಾನೊಬ್ಬಳೇ ಕೌದಿಯ ಅಂಚು ಹೊಲಿಯುತ್ತಿದ್ದೆ. ನಿನ್ನ ದನಿ ನಿಂತಿತು, ಟಕ್ ಎಂದಿತು, ಆಮೇಲೆ ಗುರು.

'ಅವ್ವಾ, ಏನರ ಒಂದ ಮಾತಾಡಬೇ, ಇದರಾಗ ನಿನ್ನ ದನಿ ಹಿಡೀತೈತಿ.'

'ಸುಮ್ನ ಹೋಗೋ, ಕೈಯೆಲ್ಲಾ ಹಿಟ್ಟಾಗ್ಯಾವ.'

'ಗೀತಾ, ನೀಯರ ಹೇಳ. ಹೋಗು ಅಂತಾಳ ನಮ್ಮವ್ವ. ನಾ ಎಲ್ಲಿ ಹೋಗ್ಲಿ?'

ಆಮೇಲೆ ನೀನು ನಗುತ್ತೀಯ. ಅಷ್ಟೇ. ದುರ್ಗದ ಬೈಲಿನ ಪೇಟೆಯಿಂದ ಅವನು ಆ ಟೇಪಿನ ಯಂತ್ರವನ್ನು ತಂದ ದಿನದ್ದು. ತಿರುಗಿ ಕಳಿಸಿದರೆ ನೀನು ಅದರ ಮೇಲೆ ಬೇರೆ ಕಥೆ ಓದುತ್ತೀ ಎಂದು ಹೆದರಿದೆ. ಖರೇ ಬರೆಯೋಣವೆಂದರೆ ಅವನ ಹೆಸರು ಆ ಮನೆಗೆ ಹೋಗುವ ಪತ್ರದಲ್ಲಿ ಬರಬಾರದು. ಹಾಗಾಗಿ ಹರಿಯಿತು ಎಂದೆ. ಸುಳ್ಳು ಹೇಳಿದ ಮೇಲೆ ಬೇರೆ ಏನೂ ಬರೆಯಲು ಆಗಲಿಲ್ಲ, ಹತ್ತು ತಿಂಗಳು ಹಾಗೇ ಹೋದವು.

ದಿನಾ ಮಧ್ಯಾಹ್ನ ಹಚ್ಚುತ್ತೇನೆ. ನಿನ್ನ ಮಾವ ಬಾಗಿಲಲ್ಲಿ ನಿಂತು 'ಮತ್ತ ಅದನ್ನ ಹಚ್ಚಿಯೇನ?' ಎನ್ನುತ್ತಾರೆ. ಬೈಯುತ್ತಾರೇನೋ ಎಂದು ನೋಡಿದರೆ ಅವರೂ ಬಂದು ಕೂರುತ್ತಾರೆ. ಕೇಳಿ ಕೇಳಿ ಒಂದು ಮಾತು ಎದೆಯಲ್ಲಿ ಹೂತಿದೆ. ಮಗನಿಗೆ ಹೋಗೋ ಎಂದವಳು ನಾನು. ಅವನು ಹೋದ. ನಿನಗೂ ಹೋಗು ಎಂದವಳು ನಾನೇ. ಹೊಳ್ಳಿ ಬರಬ್ಯಾಡ ಎಂದು ಬಸ್ಸಿನ ಕಿಟಕಿಯಲ್ಲಿ ಹೇಳಿದೆ.

ನಿನ್ನನ್ನು ಬರಬೇಡ ಎಂದದ್ದು ಮಂದಿಗೆ ಹೆದರಿ ಅಲ್ಲ. ನೀನು ಬಂದು, ಈ ಮನೆಯಲ್ಲಿ ಮಗು ಅತ್ತು, ನಾನು ಅದಕ್ಕೆ ಎಣ್ಣೆ ಹಚ್ಚಿ ಎರೆದ ಮೇಲೆ ತಿರುಗಿ ನಿನ್ನನ್ನು ಕಳುಹಿಸಬೇಕಲ್ಲ. ಒಮ್ಮೆ ಕಳುಹಿಸಿದ ಕೈ ಇದು. ಎರಡನೇ ಸಲ ಬರುವುದಿಲ್ಲ, ಗೀತಾ. ಅದಕ್ಕೇ ಬರಬೇಡ ಎಂದೆ. ನೀನು ಬೇಕು. ದಿನಾ ಎರಡು ಗಂಟೆಗೆ ನೀನು ಬೇಕು.

ಚನ್ನಬಸವ್ವ

*

ಜಮಖಂಡಿ
27 ಏಪ್ರಿಲ್ 1998

ಅವ್ವಾ,

ಖಾಲಿ ಬಿಟ್ಟ ಜಾಗದಲ್ಲಿ ಇದನ್ನು ಬರೆದುಕೊಳ್ಳಿ.

ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದೆ. ಓದುತ್ತ ಓದುತ್ತ ಟೇಪು ಅವರ ದನಿಯ ಹತ್ತಿರ ಬಂದಿತ್ತು. ಕಥೆಯಲ್ಲಿ ಇನ್ನೂ ಒಂದೂವರೆ ಪುಟ ಇತ್ತು. ಓದಿದ್ದರೆ ಅದು ಅಳಿಸಿಹೋಗುತ್ತಿತ್ತು, ಅದಕ್ಕೇ ಪತ್ರ ಒಡೆದಲ್ಲಿಗೆ ನಿಲ್ಲಿಸಿದೆ. ಈ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಲು ಆಗುತ್ತಿರಲಿಲ್ಲ, ಅಳಿಸಲು ಕೈ ಬರಲಿಲ್ಲ. ನಿಮಗೆ ಸೇರಬೇಕಾದದ್ದು. ತಿರುಗಿ ಕಳಿಸಿ ಎಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದನೆಯದು ಮಾತ್ರ. ಬಿಡಿಸಿ ಬರೆಯಲು ನನಗೂ ಧೈರ್ಯ ಇರಲಿಲ್ಲ. ಹರಿಯಿತು ಎಂದು ನೀವು ಬರೆದಾಗ, ಕೇಳುವ ಮೊದಲೇ ಹರಿಯಿತೇನೋ ಎಂದು ಹಿತ್ತಲಲ್ಲಿ ಕೂತು ಅತ್ತೆ. ಮೂರು ವಿಷಯ ಬಿಟ್ಟು ಬರೆಯಬಾರದೆಂದು ಇಬ್ಬರೂ ಒಂದು ವರ್ಷ ಸುಮ್ಮನಿದ್ದೆವಲ್ಲ ಅವ್ವಾ, ಎಂಥ ಹುಚ್ಚರು ನಾವು.

ಟೇಪಿನಲ್ಲಿ ಇಲ್ಲದ್ದೊಂದು ನನಗೆ ನೆನಪಿದೆ. ನೀವು ಹೋಗೋ ಎಂದ ಮೇಲೆ ಅವರು ಎಲ್ಲಿಗೂ ಹೋಗಲಿಲ್ಲ. ಯಂತ್ರ ಬಂದ್ ಮಾಡಿ, ಒಲೆಯ ಮುಂದೆ ನಿಮ್ಮ ಮಗ್ಗಲಿಗೇ ಕೂತು, ನೀವು ಬಡಿದು ಹಾಕಿದ ಹಾಗೆ ನಾಲ್ಕು ಬಿಸಿ ರೊಟ್ಟಿ ತಿಂದರು. ಬೆಣ್ಣೆ ಸಾಲಲಿಲ್ಲ ಎಂದು ಜಗಳ ಬೇರೆ.

ನಿಮ್ಮ ಪತ್ರವನ್ನು ಇವರಿಗೆ ಓದಲು ಕೊಟ್ಟೆ. ಇವರೂ ಒಂದು ಚೀಟಿ ಇಟ್ಟಿದ್ದಾರೆ.

ನಿಮ್ಮ,
ಗೀತಾ

ಮಾತೋಶ್ರೀ ಚನ್ನಬಸವ್ವನವರಿಗೆ ಶಿವಯೋಗೀಶನ ಶರಣು ಶರಣಾರ್ಥಿಗಳು.

ನಿಮ್ಮ ಪತ್ರ ಓದಿದೆ. ನನ್ನ ಮನಸ್ಸು ಸಣ್ಣದಾಗಲಿಲ್ಲ. ಇಷ್ಟು ದಿನ ನಮ್ಮ ಮನೆಯಲ್ಲಿ ಗುರುಶಿದ್ದಪ್ಪನವರ ಹೆಸರನ್ನು ಯಾರೂ ಎತ್ತದೆ ಇದ್ದದ್ದಕ್ಕೆ ನನಗೇ ನಾಚಿಕೆಯಾಯಿತು. ಅದು ಗೀತಾಳಿಗೆ ಭಾರವಾಗಿತ್ತೆಂದು ನಾನು ತಿಳಿಯಬೇಕಿತ್ತು. ನಮ್ಮವ್ವನನ್ನು ಕೇಳಿದೆ. 'ಬಾಣಂತನ ಅವ್ವನ ಮನ್ಯಾಗ ಆಗಬೇಕು. ಯಾವ ಅವ್ವ ಅಂತ ಕೇಳಾಂವ ನೀ ಯಾರೋ?' ಎಂದು ನನ್ನನ್ನೇ ಗದರಿದಳು.

ಕಳುಹಿಸಲು ಕೈ ಬರುವುದಿಲ್ಲ ಎಂದು ಬರೆದಿದ್ದೀರಿ. ನೀವು ಕಳುಹಿಸುವುದು ಬೇಡ. ಮೇ ಮೂರರ ರವಿವಾರ ನಾನೇ ಕರೆತಂದು ಬಿಡುತ್ತೇನೆ, ಶ್ರಾವಣ ಕಳೆದ ಮೇಲೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಒಂದು ದಿನ ಉಳಿದು ಆ ಕ್ಯಾಸೆಟ್ಟನ್ನು ನಿಮ್ಮ ಜೊತೆ ಕೂತು ಕೇಳಬಹುದೇ?

ನಿಮ್ಮ ಅಳಿಯ,
ಶಿವಯೋಗೀಶ

*

ಗೋಪನಕೊಪ್ಪ
20 ಸೆಪ್ಟೆಂಬರ್ 1998

ಮಗಳು ಗೀತಾಳಿಗೆ,

ನೀವು ಹೋಗಿ ಒಂದು ದಿನವಾಯಿತು. ಬುತ್ತಿ ಕಟ್ಟುವಾಗ ಕೈ ಬಂತು. ಕೂಸಿನ ಹಣೆಗೆ ಕಾಡಿಗೆಯ ಬೊಟ್ಟು ಇಡುವಾಗ ಬರಲಿಲ್ಲ, ಅದಕ್ಕೇ ಅದು ಮೂಗಿನ ಮೇಲೆ ಹೋಯಿತು. ಅಳಿಯಂದಿರು ನೋಡಿಯೂ ನೋಡದವರ ಹಾಗೆ ಚಪ್ಪಲಿ ಮೆಟ್ಟಿಕೊಂಡರು. ಒಳ್ಳೆಯ ಮನುಷ್ಯ. ಎತ್ತರ ಮಾತ್ರ ಜಾಸ್ತಿ, ಮಲ್ಲಿಗೆ ಚಪ್ಪರಕ್ಕೆ ಮೂರು ಸಲ ತಲೆ ಬಡಿದುಕೊಂಡರು.

ಮನೆ ಇವತ್ತು ಬಿಕೋ ಎನ್ನುತ್ತಿದೆ. ದಾರದ ಮೇಲೆ ಲಂಗೋಟಿ ಇಲ್ಲ, ಬಚ್ಚಲಲ್ಲಿ ಹೊಗೆ ಇಲ್ಲ. ನಿನ್ನ ಮಾವ ಎರಡು ಸಲ ತೊಟ್ಟಿಲ ಹಗ್ಗ ಜಗ್ಗಿ, ಖಾಲಿ ಎಂದು ತಿಳಿದ ಮೇಲೆ ಅಂಗಡಿಗೆ ಹೋದರು. ಸಣ್ಣ ಕೌದಿಯ ಹೊಟ್ಟೆಗೆ ನೀನು ಕಾಳು ಹಾಕಿದ್ದು, ಕೂಸು ಅದೇ ತಾಸಿನಲ್ಲಿ ಅದನ್ನು ತೋಯಿಸಿದ್ದು ರಾಜಬಿ ಓಣಿಗೆಲ್ಲ ಹೇಳಿ ಬಂದಿದ್ದಾಳೆ.

ನಿನ್ನ ಮಾವನ ಕೈಯಲ್ಲಿ ಮಧ್ಯಾಹ್ನ ಕ್ಯಾಸೆಟ್ ಹಚ್ಚಿಸಿದೆ. ಗುರು 'ನಾ ಎಲ್ಲಿ ಹೋಗ್ಲಿ' ಎಂದ. ರೊಟ್ಟಿ ತಿನ್ನಲು ಕೂತನಲ್ಲ ಎಂದುಕೊಂಡೆ. ಅಳು ಬಂತು, ಆದರೆ ಮೊದಲಿನ ಹಾಗೆ ಅಲ್ಲ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಸ್ಟೇಷನ್ ಮಾಸ್ತರಬಾಯಿಯ ಆ ಒಂದೂವರೆ ಪುಟ ಓದಿ ಹೇಳಲೆಂದು ನೀನು ಕತ್ತರಿಸಿ ತಂದಿದ್ದೆ. ರಾಜಬಿ ನಾಲ್ಕೂವರೆ ತಿಂಗಳು ಬೇಡಿದಳು. ನೀನು ಓದಲು ಕೂತಾಗಲೆಲ್ಲ ಹಾಲು ಉಕ್ಕಿತು ಎಂದೆ, ಕೂಸು ಎದ್ದಿತು ಎಂದೆ. ಹಾಲು ಉಕ್ಕಿರಲಿಲ್ಲ. ನಿನ್ನೆ ಚೀಲ ತುಂಬುವಾಗ ಆ ಹಾಳೆಗಳನ್ನು ಹುಡುಕಿದೆಯಲ್ಲ, ಅವು ನನ್ನ ಸೆರಗಿನಲ್ಲಿದ್ದವು.

ಈಗ ಟ್ರಂಕಿನಲ್ಲಿವೆ. ನನಗೆ ಸಣ್ಣ ಅಕ್ಷರ ಕಾಣುವುದಿಲ್ಲ, ರಾಜಬಿಗೆ ಓದಲು ಬರುವುದಿಲ್ಲ, ನಿನ್ನ ಮಾವ ಹತ್ತಿ ಧಾರಣಿ ಬಿಟ್ಟು ಬೇರೆ ಓದುವುದಿಲ್ಲ. ಪತ್ರದಲ್ಲಿ ಏನಿದೆ ಎಂದು ನೀನೂ ಬರೆದು ತಿಳಿಸಬೇಡ. ಬೇಸಿಗೆಗೆ ಬಂದು, ಮಧ್ಯಾಹ್ನ ಎರಡಕ್ಕೆ, ನೀನೇ ಓದಬೇಕು.

ಹೊಳ್ಳಿ ಬಾ.

ನಿನ್ನ ಅವ್ವ